ಪರೋಕ್ಷ ವಿನಯ

ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರು ದೊಡ್ಡಬೆಟ್ಟವನ್ನು ಹತ್ತಿ, ಗೊಮ್ಮಟನನ್ನು ಕಣ್ತುಂಬ ಕಂಡು ಹಿಂದಿರುಗುತ್ತಾರೆ. ಎದುರಿಗಿರುವ ಚಿಕ್ಕಬೆಟ್ಟದ ಕಡೆಗೆ ಹೊರಳುವವರು ಕಡಮೆ. ಚಂದ್ರಗಿರಿ ಎಂದು ಹೆಸರಾದ ಆ ಬೆಟ್ಟದ ಮೇಲೆ ಆಕಾಶಕ್ಕೆ ತಲೆಯೆತ್ತಿದ ಮೂರ್ತಿಯಿಲ್ಲ. ಅಲ್ಲಿರುವುದು ಹತ್ತಕ್ಕೆ ಮಿಕ್ಕ ಬಸದಿಗಳು, ಕಲ್ಲಿನ ಮಂಟಪಗಳು, ಮತ್ತು ಹೆಜ್ಜೆಯಿಡಲು ಸಂಕೋಚವಾಗುವಂತೆ ಬಂಡೆಯ ಮೈಮೇಲೆ ಹರಡಿಕೊಂಡ ಅಕ್ಷರಗಳು. ಆ ಅಕ್ಷರಗಳಲ್ಲಿ ಬಹಳಷ್ಟು, ತೀರಿಕೊಂಡವರನ್ನು ಕುರಿತು ಉಳಿದವರು ಬರೆಯಿಸಿದವು. ಅವನ್ನು ನಿಸಿದಿ ಶಾಸನಗಳೆನ್ನುತ್ತಾರೆ. ಅನ್ನಪಾನಗಳನ್ನು ಕ್ರಮಕ್ರಮವಾಗಿ ತೊರೆದು, ಸಲ್ಲೇಖನವಿಧಿಯಿಂದ ದೇಹವನ್ನು ಬಿಟ್ಟ ಮುನಿಗಳಿಗೆ, ಕಂತಿಯರಿಗೆ, ಗೃಹಸ್ಥರಿಗೆ, ಅವರ ಶಿಷ್ಯರೋ ಮಕ್ಕಳೋ ನಿಲ್ಲಿಸಿದ ಕಲ್ಲುಗಳು ಇವು.

ಈ ಶಾಸನಗಳ ಭಾಷೆಯಲ್ಲಿ ಒಂದು ಸಂಯಮವುಂಟು. ತೀರಿಕೊಂಡವರನ್ನು ಅವು ಸತ್ತರು ಎನ್ನುವುದಿಲ್ಲ, ‘ಮುಡಿಪಿದರು’ ಎನ್ನುತ್ತವೆ. ಕೈಗೊಂಡ ಕೆಲಸವನ್ನು ಪೂರೈಸಿದರು ಎಂಬ ಭಾವ ಅದರಲ್ಲಿದೆ. ದೇವರಿಗೆಂದು ಎತ್ತಿಟ್ಟ ಮುಡಿಪನ್ನು ಕಂಡು ಬೆಳೆದ ನಮಗೆ ಆ ಮಾತು ಮನೆಯ ಮಾತಿನಂತೆಯೇ ಕೇಳುತ್ತದೆ. ಇನ್ನು ಆ ಕಲ್ಲನ್ನು ನಿಲ್ಲಿಸಿದವರು ತಾವು ಮಾಡಿದ ಕೆಲಸಕ್ಕೆ ಕೊಟ್ಟುಕೊಂಡ ಹೆಸರು ಇನ್ನೂ ಸೊಗಸಾದದ್ದು: ‘ಪರೋಕ್ಷವಿನಯ’. ಪರೋಕ್ಷವೆಂದರೆ ಕಣ್ಣಿಗೆ ಮರೆಯಾದದ್ದು. ಕಣ್ಣಿಗೆ ಮರೆಯಾದವರಿಗೆ ಸಲ್ಲಿಸುವ ವಿನಯ ಪರೋಕ್ಷವಿನಯ. ಈ ಒಂದು ಮಾತನ್ನು ಕುರಿತು ಇಂದು ಮಾತನಾಡಬೇಕೆಂದಿದ್ದೇನೆ. ಅದರ ಜೊತೆಗೆ, ಆ ಮಾತಿನ ಅರ್ಥವನ್ನು ನನಗೆ ಕಲಿಸಿ, ನಾನು ಕಲಿಯುವ ಮುನ್ನವೇ ಮುಡಿಪಿದ ಒಬ್ಬರನ್ನು ಕುರಿತೂ ಹೇಳಬೇಕಾಗಿದೆ.

ಅವರು ನನ್ನ ತಂದೆ. ಹಳೆಯ ಮೈಸೂರಿನ ಎಷ್ಟೋ ಮನೆಗಳಲ್ಲಿ ರೂಢಿಯಿದ್ದಂತೆ ನಾವು ತಂದೆಯನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಚನ್ನರಾಯಪಟ್ಟಣದ ಪ್ರೌಢಶಾಲೆಯೊಂದರಲ್ಲಿ ಅವರು ಕನ್ನಡ ಪಂಡಿತರು. ಪಂಡಿತ ಪರೀಕ್ಷೆಯ ಆಚೆಗೆ ಅವರಿಗೆ ಪದವಿಯಿರಲಿಲ್ಲ. ನಾವು ಜೈನರೂ ಅಲ್ಲ. ಆದರೂ ಬಿಡುವಾದ ಭಾನುವಾರ ಬಂತೆಂದರೆ, ಇನ್ನೂ ಕತ್ತಲಿರುವಾಗಲೇ ನನ್ನನ್ನು ಎಬ್ಬಿಸಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬೆಳಗೊಳದ ಎಂಟು ಮೈಲಿ ದಾರಿ ಹಿಡಿಯುತ್ತಿದ್ದರು. ಬಿಸಿಲೇರುವ ಮೊದಲೇ ಬೆಟ್ಟದ ಮೇಲಿರಬೇಕು. ಎಳೆಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರದ ಗೆರೆಗಳಲ್ಲಿ ನೆರಳು ತುಂಬುತ್ತದೆ, ಆಗ ಓದಬಹುದು. ಹೊತ್ತೇರಿದರೆ ಬಂಡೆ ಬರಿಯ ಬಂಡೆ. ತಂಬಿಗೆಯಲ್ಲಿ ತಂದ ನೀರನ್ನು ಕಲ್ಲಿನ ಮೇಲೆ ಸುರಿದು, ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರಸಿ, ನನ್ನ ಬೆರಳು ಹಿಡಿದು ಅಕ್ಷರದ ಮೇಲೆ ಆಡಿಸುತ್ತಿದ್ದರು. ನಾನು ಹಳಗನ್ನಡವನ್ನು ಮೊದಲು ಕಲಿತದ್ದು ಕಣ್ಣಿನಿಂದಲ್ಲ, ಬೆರಳಿನಿಂದ.

ಬಿ. ಎಲ್. ರೈಸರು 1889ರಲ್ಲಿ ಶ್ರವಣಬೆಳಗೊಳದ ಶಾಸನಗಳ ಸಂಪುಟವನ್ನು ಮೊದಲು ಹೊರತಂದಾಗ ಅದರಲ್ಲಿದ್ದದ್ದು 144 ಶಾಸನಗಳು. ಕವಿಚರಿತೆಯ ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಆ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಮತ್ತೆ ಪ್ರಕಟಿಸಿದಾಗ 573 ಆಯಿತು. ಈ ಕೊನೆಯ ಸಂಪುಟವನ್ನು ಅಣ್ಣ ಸಂಬಳದಲ್ಲಿ ಉಳಿಸಿ ಕೊಂಡುತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮನೆಗೆ ಹೊಸ ದನ ಬಂದಾಗ ಮಾಡುವಂತೆ ಅದಕ್ಕೆ ಅರಿಸಿನ ಕುಂಕುಮವಿಟ್ಟರು. ಆಗ ನನಗೆ ಹದಿನೈದು ವರ್ಷ. ಅಲ್ಲಿಂದ ಮುಂದೆ ಅವರು ನನ್ನನ್ನು ಮಗನೆಂದು ನಡೆಸಿಕೊಂಡದ್ದಕ್ಕಿಂತ ಸ್ನೇಹಿತನೆಂದು ನಡೆಸಿಕೊಂಡದ್ದೇ ಹೆಚ್ಚು. ಒಂದು ಪದ ಸಿಕ್ಕದಿದ್ದರೆ ಸಂಪುಟವನ್ನು ನನ್ನತ್ತ ಸರಿಸಿ, ‘ನಿನಗೇನನ್ನಿಸುತ್ತದಯ್ಯ?’ ಎಂದು ಕೇಳುತ್ತಿದ್ದರು. ತೋರಿಕೆಗಾಗಿ ಕೇಳಿದ ಪ್ರಶ್ನೆಯಲ್ಲ ಅದು. ನಾನು ಹೇಳಿದ್ದು ಸರಿಯೆನಿಸಿದರೆ ತಮ್ಮ ಟಿಪ್ಪಣಿಯನ್ನು ಹೊಡೆದುಹಾಕಿ ನನ್ನದನ್ನು ಬರೆದುಕೊಳ್ಳುತ್ತಿದ್ದರು.

ಚಿಕ್ಕಬೆಟ್ಟದಲ್ಲಿ ಅಣ್ಣನಿಗೆ ಅಚ್ಚುಮೆಚ್ಚಾದವನು ಗಂಗರಾಜ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. ಚೋಳರ ಕೈಯಲ್ಲಿದ್ದ ತಲಕಾಡನ್ನು ಗೆದ್ದು ಕೊಟ್ಟವನು, ಗೊಮ್ಮಟನ ಸುತ್ತ ಸುತ್ತಾಲಯವನ್ನು ಕಟ್ಟಿಸಿದವನು. ಆದರೆ ಅಣ್ಣ ಅವನನ್ನು ಮೆಚ್ಚಿದ್ದು ಈ ಸಾಹಸಗಳಿಗಾಗಿ ಅಲ್ಲ. ಚಿಕ್ಕಬೆಟ್ಟದ ಮೇಲೆ ಕತ್ತಲೆ ಬಸದಿ ಎಂಬ ದೊಡ್ಡ ಬಸದಿಯೊಂದಿದೆ. ಹೆಸರಿಗೆ ತಕ್ಕಂತೆ ಒಳಗೆ ಬೆಳಕು ಕಡಮೆ. ಗರ್ಭಗುಡಿಯ ಸುತ್ತ ಪ್ರದಕ್ಷಿಣೆಗೆ ಒಳದಾರಿಯುಂಟು. ಇದನ್ನು ಗಂಗರಾಜ ತನ್ನ ತಾಯಿ ಪೋಚಿಕಬ್ಬೆಗಾಗಿ 1118ರ ಸುಮಾರಿಗೆ ಕಟ್ಟಿಸಿದ. ಅವಳು ಆಗ ಬದುಕಿದ್ದಳು. ಮುಂದೆ, 1120ರಿಂದ 1123ರ ವರೆಗಿನ ಕೆಲವೇ ವರ್ಷಗಳಲ್ಲಿ ಸಾವು ಅವನ ಮನೆಗೆ ಮೇಲಿಂದ ಮೇಲೆ ಬಂತು. ತಾಯಿ ಪೋಚಿಕಬ್ಬೆ ಹೋದಳು, ಹೆಂಡತಿ ಲಕ್ಷ್ಮಿ ಹೋದಳು, ಗುರು ಶುಭಚಂದ್ರರು ಹೋದರು. ಮೂವರಿಗೂ ಅದೇ ಬೆಟ್ಟದ ಮೇಲೆ ನಿಸಿದಿಗಲ್ಲುಗಳು ಎದ್ದವು.

‘ನೋಡು ಮಗು, ತಾಯಿ ಇದ್ದಾಗ ಅವಳು ಕೂತು ಪೂಜೆ ಮಾಡೋಕೆ ಗುಡಿ ಕಟ್ಟಿಸಿದ. ಹೋದ ಮೇಲೆ ಕಲ್ಲು ನಿಲ್ಲಿಸಿದ. ಮೊದಲನೆಯದು ಮಾಡಿದವನಿಗೆ ಮಾತ್ರ ಎರಡನೆಯದು ಮಾಡುವ ಹಕ್ಕು’ ಎಂದು ಅಣ್ಣ ಹೇಳುತ್ತಿದ್ದರು. ದಂಡನಾಯಕನೊಬ್ಬನ ಯುದ್ಧಗಳನ್ನೆಲ್ಲ ಬದಿಗಿಟ್ಟು ಅವನನ್ನು ಮಗನಾಗಿ ನೋಡುವ ಕಣ್ಣು ಅವರದು. ಇತಿಹಾಸದ ಪುಸ್ತಕಗಳು ನನಗೆ ಆ ಕಣ್ಣನ್ನು ಕೊಡಲಿಲ್ಲ.

ಇಲ್ಲಿಂದ ಮುಂದಿನ ಮಾತು ಹೇಳಲು ಸ್ವಲ್ಪ ಕಷ್ಟ. 1987ರ ಚಳಿಗಾಲದಲ್ಲಿ, ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ನಾನು ಮೂವತ್ತು ನಲವತ್ತು ವಿದ್ಯಾರ್ಥಿಗಳನ್ನು ಚಿಕ್ಕಬೆಟ್ಟಕ್ಕೆ ಕರೆದುಕೊಂಡು ಹೋದೆ. ಅಣ್ಣನೂ ಬಂದಿದ್ದರು. ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು. ನಿಸಿದಿಯೊಂದರ ಮುಂದೆ ನಿಂತು ನಾನು ಪರೋಕ್ಷವಿನಯ ಎಂಬ ಮಾತನ್ನು ವಿವರಿಸಿದೆ. ‘ಇದು ಶಾಸನಗಳಲ್ಲಿ ಬರುವ ಸಿದ್ಧ ಪರಿಭಾಷೆ. ಇಂದು ನಾವು ಜ್ಞಾಪಕಾರ್ಥ ಎಂದು ಕಲ್ಲುಬೆಂಚಿನ ಮೇಲೆ ಬರೆಸುತ್ತೇವಲ್ಲ, ಅಷ್ಟೇ ಇದರ ಅರ್ಥ’ ಎಂದೆ. ಗುಂಪಿನ ಹಿಂದೆ ನಿಂತಿದ್ದ ಅಣ್ಣ ಮೆಲ್ಲಗೆ, ‘ಅಷ್ಟೇ ಅಲ್ಲ ಕಣಯ್ಯ. ವಿನಯ ಅನ್ನೋದು ಅವರಲ್ಲಿ ಒಂದು ತಪಸ್ಸು. ಹೋದವರಿಗೆ ಏನಾಗಬೇಕಾಗಿದೆ? ಇದು ಇರೋರು ಮಾಡಬೇಕಾದ ಸಾಧನೆ’ ಎಂದರು.

ಸುಮ್ಮನಿರಬಹುದಾಗಿತ್ತು. ನಾನು ಸುಮ್ಮನಿರಲಿಲ್ಲ. ಎಂ.ಎ. ಮಾಡಿದ ಗರ್ವ, ವಿದ್ಯಾರ್ಥಿಗಳ ಮುಂದೆ ಅಧ್ಯಾಪಕನೆಂಬ ಹಮ್ಮು. ‘ಪಂಡಿತರಿಗೆ ಎಲ್ಲದರಲ್ಲೂ ವೇದಾಂತವೇ ಕಾಣುತ್ತದೆ. ಇದು ಬರಿಯ ಪರಿಭಾಷೆ’ ಎಂದುಬಿಟ್ಟೆ. ಹುಡುಗರು ನಕ್ಕರು. ಎಂದೂ ಅಣ್ಣ ಎಂದಲ್ಲದೆ ಕರೆಯದವನು ಅಂದು ಪಂಡಿತರು ಎಂದಿದ್ದೆ. ಅದು ಗೌರವದ ಮಾತಾಗಿರಲಿಲ್ಲ. ಅವರೂ ನಕ್ಕು, ‘ಇರಬಹುದಪ್ಪ, ನೀನು ಹೆಚ್ಚು ಓದಿದವನು’ ಎಂದು ಹೇಳಿ, ಬಂಡೆಯ ಮೇಲೆ ಕುಳಿತು ತಂಬಿಗೆಯ ನೀರು ಕುಡಿದರು. ಮುಂದೆ ಆ ಮಾತನ್ನು ಅವರು ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ.

ಜ್ಞಾಪಕಾರ್ಥ ಎಂಬ ಮಾತಿನಿಂದ ಪರೋಕ್ಷವಿನಯವನ್ನು ಅಳೆದುಬಿಡಬಹುದೆ? ಅಣ್ಣನ ಮಾತನ್ನು ಪಕ್ಕಕ್ಕಿಟ್ಟು, ಕಲ್ಲುಗಳೇ ಏನು ಹೇಳುತ್ತವೆಂದು ನೋಡೋಣ. ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿಯಿದೆ. ಮಲ್ಲಿಷೇಣ ಮಲಧಾರಿಗಳು ಮುಡಿಪಿದಾಗ ಅವರ ಶಿಷ್ಯ ಮಲ್ಲಿನಾಥ ರಚಿಸಿದ್ದು, ಗಂಗಾಚಾರಿ ಎಂಬ ರೂವಾರಿ ಕೆತ್ತಿದ್ದು. ಗುರುವನ್ನು ಹೊಗಳಲು ಹೊರಟ ಶಿಷ್ಯ ಗುರುವಿನಲ್ಲಿಗೇ ನಿಲ್ಲುವುದಿಲ್ಲ. ಸಮಂತಭದ್ರ, ಸಿಂಹನಂದಿ, ಅಕಲಂಕ ಎಂದು ಹಿಂದಿನ ಆಚಾರ್ಯರನ್ನು ಒಬ್ಬೊಬ್ಬರಾಗಿ ನೆನೆಯುತ್ತ, ಆ ಸಾಲಿನ ತುದಿಯಲ್ಲಿ ತನ್ನ ಗುರುವನ್ನು ತಂದು ನಿಲ್ಲಿಸುತ್ತಾನೆ. ಇಂದು ಜೈನ ಆಚಾರ್ಯಪರಂಪರೆಯನ್ನು ಗುರುತಿಸಲು ವಿದ್ವಾಂಸರು ಮತ್ತೆ ಮತ್ತೆ ಮೊರೆಹೋಗುವ ಆಧಾರಗಳಲ್ಲಿ ಇದೊಂದು. ಶಿಷ್ಯನೊಬ್ಬ ತನ್ನ ದುಃಖವನ್ನು ಅಳುವಿನಲ್ಲಿ ಕಳೆಯದೆ ಕೆಲಸವಾಗಿ ಮಾರ್ಪಡಿಸಿದ್ದರಿಂದ ನಮಗೆ ಚರಿತ್ರೆಯ ಒಂದು ಅಧ್ಯಾಯ ದೊರೆಯಿತು. ತನ್ನ ಮನಸ್ಸಿನ ನೋವನ್ನು ಹೇಳಿಕೊಳ್ಳುವುದಕ್ಕಿಂತ, ಗುರು ಯಾವ ಸಾಲಿಗೆ ಸೇರಿದವನೆಂದು ಲೋಕಕ್ಕೆ ತಿಳಿಸುವುದು ಅವನಿಗೆ ಮುಖ್ಯವಾಗಿತ್ತು.

ಇನ್ನೊಂದು ಕಲ್ಲು ಹಳೇಬೀಡಿನಲ್ಲಿದೆ. ತಾಯಿಗೆ, ಹೆಂಡತಿಗೆ, ಗುರುವಿಗೆ ಕಲ್ಲು ನಿಲ್ಲಿಸಿದ ಗಂಗರಾಜನಿಗೂ ಒಂದು ದಿನ ಹೊತ್ತು ಬಂತು. ಅವನ ಮಗ ಬೊಪ್ಪ ತಂದೆಯ ನೆನಪಿಗೆ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನ ಬಸ್ತಿಹಳ್ಳಿಯಲ್ಲಿ, 1133ರಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದ. ಗಂಗರಾಜನಿಗೆ ದ್ರೋಹಘರಟ್ಟ ಎಂಬ ಬಿರುದಿತ್ತು. ದ್ರೋಹಿಗಳನ್ನು ಬೀಸುಗಲ್ಲಿನಂತೆ ಅರೆಯುವವನು ಎಂದರ್ಥ. ಆ ಬಿರುದನ್ನೇ ಇಟ್ಟು ಬಸದಿಯನ್ನು ದ್ರೋಹಘರಟ್ಟ ಜಿನಾಲಯವೆಂದು ಕರೆದ. ಪ್ರತಿಷ್ಠೆಯಾದ ಮೇಲೆ ಅರ್ಚಕರು ಪ್ರಸಾದವನ್ನು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಒಯ್ದರು. ಅದೇ ಹೊತ್ತಿಗೆ ದೊರೆಗೆ ಯುದ್ಧದಲ್ಲಿ ಜಯವಾಗಿತ್ತು, ಮಗನೂ ಹುಟ್ಟಿದ್ದ. ಇವೆರಡೂ ಈ ಪ್ರತಿಷ್ಠೆಯ ಪುಣ್ಯದಿಂದ ಆದವೆಂದು ಹರ್ಷಗೊಂಡ ದೊರೆ ದೇವರಿಗೆ ವಿಜಯಪಾರ್ಶ್ವನೆಂದೂ ಕೂಸಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಶಾಸನ ಇದನ್ನೆಲ್ಲ ಹೇಳುತ್ತದೆ.

ಆದದ್ದೇನು? ತಂದೆಯ ಹೆಸರಿನಲ್ಲಿ ಮಗ ಕಟ್ಟಿಸಿದ ಗುಡಿಗೆ ದೊರೆಯ ಗೆಲವಿನ ಹೆಸರು ಅಂಟಿತು. ಇಂದು ಅಲ್ಲಿಗೆ ಹೋಗಿ ಕೇಳಿದರೆ ಪಾರ್ಶ್ವನಾಥ ಬಸದಿ ಎನ್ನುತ್ತಾರೆ. ದ್ರೋಹಘರಟ್ಟ ಎಂಬ ಮಾತು ಜನರ ನಾಲಗೆಯಿಂದ ಜಾರಿಹೋಗಿದೆ. ಗುಡಿಯೊಳಗಿನ ನುಣುಪಾದ ಕಂಬಗಳಲ್ಲಿ ಮುಖ ನೋಡಿಕೊಂಡು ಬೆರಗಾಗುವವರಲ್ಲಿ ಎಷ್ಟು ಮಂದಿಗೆ ಇದು ಒಬ್ಬ ಮಗನ ಋಣವೆಂದು ತಿಳಿದೀತು? ಆದರೂ ಬೊಪ್ಪನ ಕೆಲಸ ವ್ಯರ್ಥವಾಯಿತೆ? ನೆನಪು ಉಳಿಯಲೆಂದು ಮಾತ್ರ ಕಟ್ಟಿಸಿದ್ದರೆ ಅರ್ಧ ವ್ಯರ್ಥವೆಂದೇ ಹೇಳಬೇಕು. ಮಗನಾದವನು ಮಾಡಲೇಬೇಕಾದ ಕೆಲಸವೆಂದು ಕಟ್ಟಿಸಿದ್ದರೆ, ಹೆಸರು ಉಳಿಯಲಿ ಅಳಿಯಲಿ, ಕಟ್ಟಿದ ದಿನವೇ ಅದು ಸಾರ್ಥಕ. ಜ್ಞಾಪಕಾರ್ಥಕ್ಕೂ ಪರೋಕ್ಷವಿನಯಕ್ಕೂ ಇರುವ ಅಂತರ ಇದೇ ಎಂದು ನನಗೆ ತೋರುತ್ತದೆ. ಅಂದು ಬೆಟ್ಟದ ಮೇಲೆ ತೋರಲಿಲ್ಲ.

ಕಾಲ ಬದಲಾದಂತೆ ಕಲ್ಲಿನ ಜಾಗಕ್ಕೆ ಕಾಗದ ಬಂತು. ಕುವೆಂಪು ಅವರು ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು ಬರೆಯತೊಡಗಿದ್ದು 1936ರಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅವರಿಗೆ ಗುರುಗಳಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು ಆಗ ಇದ್ದರು. 1939ರಲ್ಲಿ ಅವರು ತೀರಿಕೊಂಡರು. ಕಾವ್ಯ ಅಚ್ಚಾಗಿ ಎರಡು ಸಂಪುಟಗಳಲ್ಲಿ ಹೊರಬಂದದ್ದು 1949ರಲ್ಲಿ ಮತ್ತು 1951ರಲ್ಲಿ. ಅಷ್ಟು ಹೊತ್ತಿಗೆ ಗುರುಗಳು ಹೋಗಿ ಹತ್ತು ವರ್ಷ ಕಳೆದಿತ್ತು. ಆದರೂ ಕಾವ್ಯದ ಅರ್ಪಣೆ ಅವರಿಗೇ. ಆ ಅರ್ಪಣೆ ಒಂದು ಸಾಲಿನ ಔಪಚಾರಿಕ ಒಕ್ಕಣೆಯಲ್ಲ. ಅದು ಪದ್ಯ. ಅಲ್ಲಿ ಶಿಷ್ಯ ಗುರುವನ್ನು ಎದುರಿಗೇ ಇರುವಂತೆ ಮಾತನಾಡಿಸುತ್ತಾನೆ, ಕೃತಿಯನ್ನು ಮುಗಿಸಿ ತಂದಿದ್ದೇನೆಂದು ಒಪ್ಪಿಸುತ್ತಾನೆ. ಕಾವ್ಯಕ್ಕೆ 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂತು, ಮುಂದೆ ಜ್ಞಾನಪೀಠವೂ ಬಂತು. ಆದರೆ ಕೃತಿ ಮೊದಲು ಯಾರ ಕಿವಿಗೆ ಬೀಳಬೇಕಾಗಿತ್ತೋ ಅವರ ಕಿವಿಗೆ ಬೀಳಲಿಲ್ಲವೆಂಬ ಕೊರತೆ ಯಾವ ಪುರಸ್ಕಾರದಿಂದ ತುಂಬೀತು? ‘ಅರ್ಪಣೆಯ ಪುಟ ಓದದೆ ಮುಂದಿನ ಪುಟ ತಿರುವಬೇಡ, ಅದು ಹೊಸಕಾಲದ ನಿಸಿದಿ’ ಎಂದು ಅಣ್ಣ ಹೇಳುತ್ತಿದ್ದುದು ನನಗೆ ಈಗ ಅರ್ಥವಾಗುತ್ತಿದೆ.

ಅಣ್ಣ 2004ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾಗಿತ್ತು. ಸಂಪುಟವನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆಯ ಮೇಲೆ ಬೆರಳಾಡಿಸುತ್ತಿದ್ದರು. ಅಚ್ಚಾದ ಹಾಳೆಯಲ್ಲಿ ಬೆರಳಿಗೆ ಏನು ಸಿಕ್ಕೀತು? ಹಳೇಬೀಡಿಗೆ ಒಮ್ಮೆ ಕರೆದುಕೊಂಡು ಹೋಗು, ಬೊಪ್ಪನ ಬಸದಿಯನ್ನು ಮುಟ್ಟಿ ನೋಡಬೇಕು ಎಂದು ಎರಡು ಮೂರು ಸಲ ಕೇಳಿದ್ದರು. ಪರೀಕ್ಷೆ, ಮೌಲ್ಯಮಾಪನ, ಸಭೆ ಎಂದು ನಾನು ಮುಂದೆ ಹಾಕುತ್ತ ಹೋದೆ. ಅವರು ಹೋದ ಮೇಲೆ ಒಬ್ಬನೇ ಹೋಗಿಬಂದೆ.

ಅವರ ಪುಸ್ತಕದ ಪೆಟ್ಟಿಗೆಯನ್ನು ನಾನು ತೆರೆದದ್ದು ಹತ್ತು ವರ್ಷಗಳಾದ ಮೇಲೆ. ಮನಸ್ಸಾಗಿರಲಿಲ್ಲ ಎಂದರೆ ಸಾಕು. ಅದರಲ್ಲಿ ತತ್ತ್ವಾರ್ಥಸೂತ್ರಕ್ಕೆ ಪೂಜ್ಯಪಾದರು ಬರೆದ ಸರ್ವಾರ್ಥಸಿದ್ಧಿ ಎಂಬ ಸಂಸ್ಕೃತ ವ್ಯಾಖ್ಯಾನದ ಹಳೆಯ ಪ್ರತಿಯೊಂದು ಸಿಕ್ಕಿತು. ಪೂಜ್ಯಪಾದರು ಕನ್ನಡ ನಾಡಿನ ದೊಡ್ಡ ವೈಯಾಕರಣರು, ನಮ್ಮ ಹಳೆಯ ಕವಿಗಳು ಭಕ್ತಿಯಿಂದ ನೆನೆಯುವ ಆಚಾರ್ಯರು. ಜೈನಶಾಸ್ತ್ರದಲ್ಲಿ ಆರು ಬಗೆಯ ಒಳಗಿನ ತಪಸ್ಸುಗಳನ್ನು ಹೇಳಿದೆ. ಪ್ರಾಯಶ್ಚಿತ್ತ ಮೊದಲನೆಯದು, ವಿನಯ ಎರಡನೆಯದು. ವಿನಯದ ಒಂದು ಬಗೆಯಾದ ಉಪಚಾರವಿನಯವನ್ನು ವಿವರಿಸುವಾಗ ಪೂಜ್ಯಪಾದರು ಹೇಳುವುದರ ಸಾರ ಇಷ್ಟು: ಆಚಾರ್ಯರು ಕಣ್ಣೆದುರಿಗಿದ್ದಾಗ ಎದ್ದು ನಿಲ್ಲುವುದು, ಎದುರುಗೊಳ್ಳುವುದು, ಕೈಮುಗಿಯುವುದು ವಿನಯ. ಅವರು ಪರೋಕ್ಷದಲ್ಲಿರುವಾಗಲೂ ಕಾಯ ವಾಕ್ಕು ಮನಸ್ಸುಗಳಿಂದ ಕೈಮುಗಿಯುವುದು, ಗುಣಗಳನ್ನು ಹೊಗಳುವುದು, ಮತ್ತೆ ಮತ್ತೆ ನೆನೆಯುವುದು ವಿನಯವೇ.

ಬಂಡೆಯ ಮೇಲಿನ ಮಾತಿನ ಬೇರು ಇಲ್ಲಿತ್ತು. ಅಣ್ಣ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಪರೋಕ್ಷವಿನಯ ಹೋದವರಿಗೆ ನಿಲ್ಲಿಸಿದ ಗುರುತಲ್ಲ, ಇರುವವರು ಮಾಡಬೇಕಾದ ತಪಸ್ಸು.

ಆ ಸಾಲುಗಳ ಪಕ್ಕದಲ್ಲಿ ಪೆನ್ಸಿಲಿನ ಒಂದು ಗೆರೆಯಿತ್ತು. ಓದಿದ ಪುಟದ ಅಂಚಿನಲ್ಲಿ ದಿನಾಂಕ ಬರೆಯುವುದು ಅಣ್ಣನ ಅಭ್ಯಾಸ. ಗೆರೆಯ ಕೆಳಗೆ ದಿನಾಂಕವಿತ್ತು. ಅದು ನಾವು ವಿದ್ಯಾರ್ಥಿಗಳೊಡನೆ ಬೆಟ್ಟಕ್ಕೆ ಹೋಗಿಬಂದ ಮರುವಾರದ್ದು. ಅಂದರೆ ಒಂದು ವಾರದಲ್ಲಿ ಅವರಿಗೆ ಆಧಾರ ಸಿಕ್ಕಿ, ತಾವು ಆಡಿದ ಮಾತು ಸರಿಯೆಂದು ಖಚಿತವಾಗಿತ್ತು. ಅದಾದ ಮೇಲೆ ಅವರು ಹದಿನೇಳು ವರ್ಷ ಬದುಕಿದ್ದರು. ದಿನವೂ ಒಟ್ಟಿಗೆ ಕೂತು ಕಾಫಿ ಕುಡಿದಿದ್ದೇವೆ, ನೂರು ಪದಗಳನ್ನು ಕುರಿತು ವಾದ ಮಾಡಿದ್ದೇವೆ. ಒಮ್ಮೆಯೂ ಅವರು ಆ ಪುಟವನ್ನು ತೆಗೆದು ನನ್ನ ಮುಂದೆ ಹಿಡಿಯಲಿಲ್ಲ.

ಏಕೆಂದು ಬಹಳ ದಿನ ಯೋಚಿಸಿದೆ. ಮಗ ಸೋಲಬಾರದೆಂಬ ತಂದೆಯ ಮೋಹವೆ? ವಾದದಲ್ಲಿ ಗೆದ್ದು ಸ್ನೇಹ ಕೆಡಿಸಿಕೊಳ್ಳಬಾರದೆಂಬ ಸ್ನೇಹಿತನ ವಿವೇಕವೆ? ಓದುತ್ತ ಹೋದರೆ ಒಂದು ದಿನ ತಾನೇ ಕಂಡುಕೊಳ್ಳುತ್ತಾನೆ ಎಂಬ ಗುರುವಿನ ನಂಬಿಕೆಯೆ? ಈ ಮೂರನ್ನೂ ಬಿಡಿಸಿ ನೋಡಲು ನನ್ನಿಂದಾಗದು. ಅವರಲ್ಲಿ ಈ ಮೂವರೂ ಒಬ್ಬರೇ ಆಗಿದ್ದರು. ವಿನಯವೆಂದರೆ ಕಿರಿಯರು ಹಿರಿಯರಿಗೆ ತೋರುವುದೆಂದು ನಾವು ತಿಳಿದಿದ್ದೇವೆ. ನನ್ನ ವಿಷಯದಲ್ಲಿ ಹಿರಿಯರೇ ಕಿರಿಯನಿಗೆ ಹದಿನೇಳು ವರ್ಷ ತೋರಿಸಿದರು. ಅವರ ಜ್ಞಾನಕ್ಕೆ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ. ಆ ಮೌನಕ್ಕೆ ಒಂದು ಸಾಕ್ಷಿ ಇರಲಿ ಎಂದು ಇದನ್ನು ಹೇಳುತ್ತಿದ್ದೇನೆ.

ಕಲ್ಲು ನಿಲ್ಲಿಸುವ ಕಾಲ ಇದಲ್ಲ, ಮಹಾಕಾವ್ಯ ಬರೆಯುವ ಶಕ್ತಿ ನನಗಿಲ್ಲ. ಆರು ತಪಸ್ಸುಗಳಲ್ಲಿ ವಿನಯಕ್ಕಿಂತ ಮೊದಲು ಪ್ರಾಯಶ್ಚಿತ್ತವನ್ನು ಹೇಳಿದೆಯಷ್ಟೆ. ಮಾಡಿದ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು ಅದರ ಮೊದಲ ಮೆಟ್ಟಿಲು. ತಪ್ಪನ್ನು ನಾಲ್ಕು ಜನರ ಮುಂದೆ ಮಾಡಿದವನು ಒಪ್ಪಿಗೆಯನ್ನು ಏಕಾಂತದಲ್ಲಿ ಹೇಳಿದರೆ ಸಾಲದು. ಅಂದು ಬೆಟ್ಟದ ಮೇಲೆ ನನ್ನ ಸುತ್ತ ನಿಂತಿದ್ದ ಹುಡುಗ ಹುಡುಗಿಯರು ಈಗ ಅರುವತ್ತರ ಹತ್ತಿರ ಬಂದಿರಬೇಕು. ಕೆಲವರು ಅಧ್ಯಾಪಕರಾಗಿ, ನಾನು ಕೊಟ್ಟ ಅರ್ಥವನ್ನೇ ತಮ್ಮ ವಿದ್ಯಾರ್ಥಿಗಳಿಗೂ ಹೇಳಿರಬಹುದು. ಅವರಲ್ಲಿ ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ, ಬರೆದುಕೊಂಡ ಟಿಪ್ಪಣಿ ಇನ್ನೂ ಉಳಿದಿದ್ದರೆ, ಆ ಸಾಲನ್ನು ದಯಮಾಡಿ ತಿದ್ದಿಕೊಳ್ಳಿ. ಅಂದು ಗುಂಪಿನ ಹಿಂದೆ ನಿಂತು ಪಂಡಿತರು ಹೇಳಿದ್ದೇ ಸರಿ.